ಮಾಳಿಗೆ ತುಳಿಯುವವರು

"ಲೇ ಇಂದ್ರೇಶ, ಕಿವೀಲಿ ಸಗಣಿ ಮೆತ್ಕೊಂಡಿದೀಯೇನೋ? ಕಾರ್ಪೆಟ್ ಹಾಸು ಅಂದೆ!"

ಮೆಟ್ಟಿಲ ಮೇಲೆ ಮೂರ್ತಿ ನಿಂತಿದ್ದ. ರೇಷ್ಮೆ ಜುಬ್ಬಾ, ಹಣೆಗೆ ಗಂಧ. ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನಿನಲ್ಲಿರುವ ಈ ಎರಡು ಮಹಡಿಯ ಹಾಲ್ ಅವನದು. ಕೆಳಗೆ ಅವನ ಮಗ ಅದ್ವಿಕ್‌ನ ಉಪನಯನ. ಮೇಲಿನದನ್ನು ಬಾಡಿಗೆಗೆ ಹಿಡಿದವರು ಪ್ಯಾಲೆಸ್ತೀನಿನಿಂದ ಬಂದ ಮಕ್ಕಳ ತಂಡದವರು. ಸಿಡ್ನಿಯಲ್ಲಿ ಕುಣಿದು ಮೆಲ್ಬರ್ನಿಗೆ ಬಂದಿದ್ದರು. ಅವರ ಕುಣಿತದ ಹೆಸರು ದಬ್ಕೆ. ಕೈಕೈ ಹಿಡಿದು ಸಾಲಾಗಿ ನಿಂತು ನೆಲ ಮೆಟ್ಟಿ ಮೆಟ್ಟಿ ಕುಣಿಯುವುದು. ಸಂಜೆಯ ಶೋಗೆ ಅಭ್ಯಾಸ ನಡೆದಿತ್ತು.

"ಗೆಸ್ಟ್ಸ್ ತಲೆ ಮೇಲೆ ಧಬಧಬ ಅಂತಿದೆ ಕಣೋ. ಪುರೋಹಿತ್ರು ಮಂತ್ರ ನಿಲ್ಸಿ ಸೀಲಿಂಗ್ ನೋಡ್ತಾ ಕೂತಿದಾರೆ."

"ಸರ, ಅವ್ರ ಕುಣಿತಾನ ಕಾಲಿಂದು. ಕಾರ್ಪೆಟ್ ಹಾಸಿದ್ರ ಸಪ್ಪಳ ಸಾಯ್ತೈತ್ರಿ."

"ಸಾಯ್ಲಿ. ನಿನ್ನ ಸ್ಪಾನ್ಸರ್ ಅವರಾ, ನಾನಾ? ಒಂದು ಫೋನ್ ಮಾಡಿದ್ರೆ ನಾಳೆ ಪ್ಲೇನ್ ಹತ್ತಿ ರಾಯಚೂರಲ್ಲಿ ಇರ್ತೀಯ, ಬೋಳಿಮಗನೆ."

ಅಡುಗೆಯವನೆಂದು ವೀಸಾ ಮಾಡಿಸಿ ಕರೆಸಿದವನು ಅವನೇ. ಬಂದಮೇಲೆ ಊರು ಕೇಳಿದ, ಓಣಿ ಕೇಳಿದ, ಕೈಗೆ ಕಸಬರಿಗೆ ಕೊಟ್ಟ. ನನ್ನ ಪಾಸ್‌ಪೋರ್ಟ್ ಅವನ ಬೀರುವಿನಲ್ಲಿದೆ.

ಹಾಸಿದೆ. ಮೂರ್ತಿ ಕೆಳಗಿಳಿದ.

ಮಕ್ಕಳು ಸಾಲು ಕಟ್ಟಿದರು. ಸಾಲಿನ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಆಚೀಚೆಯ ಹುಡುಗಿಯರು ಕಪ್ಪುಬಿಳಿ ವಸ್ತ್ರವೊಂದರ ಎರಡು ತುದಿ ಹಿಡಿದಿದ್ದರು. ಸ್ಪೀಕರಿನಲ್ಲಿ ಪೀಪಿ ಕೂಗಿತು, ಕಾಲುಗಳು ಬಿದ್ದವು, ಕಾರ್ಪೆಟ್ ಎಲ್ಲವನ್ನೂ ನುಂಗಿತು. ವಸ್ತ್ರ ಹಿಡಿದವಳೊಬ್ಬಳು ನಿಂತುಬಿಟ್ಟಳು. ಮಂಡಿಯೂರಿ ಕಾರ್ಪೆಟ್ಟಿಗೆ ಕಿವಿ ಇಟ್ಟಳು. ಅರಬ್ಬಿಯಲ್ಲಿ ಏನೋ ಅಂದು ಅಳತೊಡಗಿದಳು.

ಅವರ ಟೀಚರ್ ಹನಾನ್ ನನ್ನತ್ತ ಬಂದಳು. ಇಂಗ್ಲಿಷ್ ಆಕೆಗೂ ನನಗೂ ಅಷ್ಟಕ್ಕಷ್ಟೇ. ರೀಮ್ ಕೇಳಿಸುತ್ತಿಲ್ಲವಂತೆ ಎಂದಳು. ಖಾಲಿ ಜಾಗ ರೀಮಳದು. ಬಾಂಬು ಬಿದ್ದು ಮನೆಯ ಚಾವಣಿ ಅವಳ ಮೇಲೆ ಕುಸಿದಿತ್ತು. ಮರದ ನೆಲದಲ್ಲಿ ಕುಣಿದರೆ ತಮ್ಮ ಕಾಲುಗಳ ನಡುವೆ ಅವಳ ಕಾಲೂ ಕೇಳುತ್ತದೆನ್ನುತ್ತಾರೆ ಮಕ್ಕಳು. ಸಿಡ್ನಿಯಲ್ಲಿ ಕೇಳಿತ್ತಂತೆ.

ಹಿಂದೆ ಮಣ್ಣಿನ ಮಾಳಿಗೆ ಸೋರದಂತೆ ಊರವರು ಕೈಹಿಡಿದು ತುಳಿಯುತ್ತಿದ್ದರಂತೆ; ಈ ಕುಣಿತ ಹುಟ್ಟಿದ್ದೇ ಅಲ್ಲಿ ಎಂದು ಹಿರಿಯರು ಹೇಳುತ್ತಾರೆ ಅಂದಳು ಹನಾನ್.

ನನ್ನಜ್ಜಿ ಶಿವಲಿಂಗವ್ವ ಗೌಡರ ಮಾಳಿಗೆಯ ಮಣ್ಣನ್ನು ಹೀಗೇ ತುಳಿದವಳು. ಹಿತ್ತಲ ಏಣಿಯಿಂದ ಹತ್ತಿ, ಅದೇ ಏಣಿಯಿಂದ ಇಳಿಯಬೇಕು. ಸಾಯುವತನಕ ಆ ಮನೆಯ ಹೊಸ್ತಿಲು ದಾಟಲಿಲ್ಲ. "ನಮ್ ಕಾಲು ಗೌಡನ ನೆತ್ತಿ ಮ್ಯಾಲ ನಡೀತೈತಿ, ಪಡಸಾಲ್ಯಾಗ ನಡ್ಯಂಗಿಲ್ಲ ನೋಡು," ಅಂತ ಎಲೆಯಡಿಕೆ ಉಗುಳಿ ನಗುತ್ತಿದ್ದಳು.

ಕಾರ್ಪೆಟ್ಟಿನ ತುದಿಗೆ ಕೈಹಾಕಿ ಎಳೆದೆ. ಸುರುಳಿ ಸುತ್ತಿ ಮೆಟ್ಟಿಲ ಬಾಗಿಲಿಗೆ ಅಡ್ಡ ಒತ್ತಿದೆ.

"ಯುವರ್ ಬಾಸ್?" ಹನಾನ್ ಹೆದರಿದಳು.

"ಬಾಸ್ ಡೌನ್," ಅಂದೆ. "ಯೂ ಅಪ್. ಡ್ಯಾನ್ಸ್."

ಮಕ್ಕಳು ಕುಣಿದರು. ಹಲಗೆಗಳು ನಡುಗಿದವು. ಅಳುತ್ತಿದ್ದವಳು ಕಣ್ಣು ಮುಚ್ಚಿ, ವಸ್ತ್ರವನ್ನು ಎದೆಗೆತ್ತಿ, ಹಿಮ್ಮಡಿಯನ್ನು ನೆಲಕ್ಕೆ ಗುದ್ದಿದಳು. ಬಾಗಿಲ ಮೇಲೆ ಮೂರ್ತಿಯ ಮುಷ್ಟಿ ಬಿತ್ತು.

"ತೆಗಿಯೋ ಸೂಳೇಮಗನೆ! ಮುಗೀತು ನಿನ್ ಕಥೆ! ಪೊಲೀಸ್ ಕರೀತೀನಿ!"

ಪೊಲೀಸ್ ಎಂಬ ಮಾತೊಂದೇ ಮಕ್ಕಳಿಗೆ ಅರ್ಥವಾಯಿತು. ಗಕ್ಕನೆ ನಿಂತರು. ಹನಾನ್ ಪೀಪಿಯ ಹಾಡು ನಿಲ್ಲಿಸಿದಳು.

ಧಬ್. ಧಬ್.

ಎಲ್ಲ ಕಾಲುಗಳೂ ನಿಂತಿದ್ದವು. ನನ್ನ ಕಾಲು ನೋಡಿಕೊಂಡೆ. ಅವೂ ನಿಂತಿದ್ದವು. ಇಬ್ಬರು ಹುಡುಗಿಯರ ನಡುವೆ ವಸ್ತ್ರದ ಕೆಳಗೆ ಹಲಗೆ ಅದುರುತ್ತಿತ್ತು.

ಧಬ್.

"ನಿಲ್ಸೋ ಅಂದ್ನಲ್ಲಾ!" ಬಾಗಿಲಾಚೆ ಮೂರ್ತಿಯ ಗಂಟಲು ಒಡೆದಿತ್ತು. "ಯಾರೋ ಅದು, ಇನ್ನೂ ತುಳೀತಿರೋದು?"

ಆ ಕಾಲು ಒಂಟಿಯಾಗಬಾರದೆಂದು ನಾನೂ ಕಾಲೆತ್ತಿದೆ.