ಗೊತ್ತಿದ್ದೇ ಕಲಿಸಿದವಳು

ನಮ್ಮದು ಕೃತಕ ಕಣ್ಣು ಮಾಡುವ ಪುಟ್ಟ ಕಾರ್ಖಾನೆ. ಮಾವನವರ ಕೈ ನಡುಗತೊಡಗಿದ ಮೇಲೆ ಕಣ್ಣಾಲಿಗೆ ಬಣ್ಣ ಬರೆಯುವವರೇ ಇಲ್ಲವಾದರು. ಒಂದು ತಿಂಗಳು ಜಾಹೀರಾತು ಹಾಕಿದೆವು, ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಪರದೇಶದಿಂದ ಒಬ್ಬಳನ್ನು ಕರೆಸುವುದೆಂದಾಯಿತು. ಕಾಗದಪತ್ರದ ಕೆಲಸ ಸೊಸೆಯಾದ ನನ್ನ ಕೊರಳಿಗೆ ಬಿತ್ತು. 'ಈ ಕೆಲಸ ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ' ಎಂದು ಬರೆದು, ಮಾವನವರಿಂದ ಸಹಿ ಹಾಕಿಸಿ ವೀಸಾ ಕಚೇರಿಗೆ ಕಳಿಸಿದೆ. ಮೂರು ವರ್ಷದ ಪರವಾನಗಿ ಸಿಕ್ಕಿತು. ಅವಳು ಬಂದಳು.

ನಾವು ಅವಳನ್ನು ಬಣ್ಣದಕ್ಕ ಎಂದೇ ಕರೆದೆವು. ಭಾಷೆ ಕಲಿಸುವ ಹೊಣೆ ಮಾವನವರದು. "ಅಚ್ಚು ಬೇಯೋ ಒಲೆಯನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಮ್ಮಾ" ಎಂದು ಅವರು ಒಮ್ಮೆ ಹೇಳಿದಾಗ, ಅವಳು ಕಣ್ಣಿನ ಟ್ರೇ ಹಿಡಿದು ಬಂದು, "ಯಾವ ಕಣ್ಣಲ್ಲಿ ಯಾವ ಕಣ್ಣು?" ಎಂದು ಕೇಳಿದ್ದಳು. ಮಾವ ನಕ್ಕೂ ನಕ್ಕೂ ಕುರ್ಚಿ ಹಿಡಿದುಕೊಂಡರು.

ಆ ದಿನಗಳನ್ನು ನೆನೆದರೆ ಈಗಲೂ ಜೀವ ತಂಪಾಗುತ್ತದೆ. ಉತ್ತರದ ಕಿಟಕಿಯ ಬಳಿ ಅವಳೂ ನಾನೂ ಹೆಗಲಿಗೆ ಹೆಗಲು ತಾಗಿಸಿ ಕೂರುತ್ತಿದ್ದೆವು. ಕೆಂಪು ರೇಷ್ಮೆಯ ಎಳೆ ಬಿಡಿಸಿ ಬಿಳಿಭಾಗಕ್ಕೆ ನರ ಕೂರಿಸುವುದು, ಕಂದು ಬಣ್ಣದ ಅಡಿಯಲ್ಲಿ ಚೂರೇ ಚೂರು ಹಳದಿ ಅಡಗಿಸುವುದು, ಎಲ್ಲವನ್ನೂ ನನಗೆ ಹೇಳಿಕೊಟ್ಟಳು. ಮೂರನೆಯ ವರ್ಷ ಒಬ್ಬ ಟೈಲರ್‌ಗೆ ನಾನೊಬ್ಬಳೇ ಕಣ್ಣು ಮಾಡಿದೆ. ಅವನ ಹೆಂಡತಿ ಗಂಡನ ಎರಡೂ ಕಣ್ಣನ್ನು ಬಹಳ ಹೊತ್ತು ದಿಟ್ಟಿಸಿ, "ಇದರಲ್ಲಿ ನೀವು ಮಾಡಿದ್ದು ಯಾವ್ದು?" ಎಂದು ನನ್ನನ್ನು ಕೇಳಿದಳು.

ವೀಸಾ ಮುಂದುವರಿಸುವ ಅರ್ಜಿ ಬಂದದ್ದು ಆಗಲೇ. 'ಈ ಕೆಲಸ ಬಲ್ಲ ಸ್ಥಳೀಯರು ಈಗ ಇದ್ದಾರೆಯೇ?' ಎಂಬಲ್ಲಿ ನನ್ನ ಪೆನ್ನು ನಿಂತಿತು.

"ಇಲ್ಲ ಅಂತ ಬರಿ. ಯಾರು ಬಂದು ನೋಡ್ತಾರೆ?" ಎಂದರು ಮಾವ.

ಬಣ್ಣದಕ್ಕ ಕುಂಚ ಕೆಳಗಿಟ್ಟಳು. "ಹಾಗಾದ್ರೆ ಟೈಲರ್ ಕಣ್ಣು ಮಾಡಿದ್ದು ಯಾರು?"

"ಇದ್ದಾರೆ ಅಂದ್ರೆ ನೀನು ಹೊರಡ್ಬೇಕಾಗತ್ತೆ" ಎಂದೆ.

"ಆ ಷರತ್ತು ಪರವಾನಗಿ ಕಾಗದದಲ್ಲೇ ಇತ್ತು, ನಾನೂ ಓದಿದೀನಿ. ಗೊತ್ತಿದ್ದೇ ಕಲಿಸಿದ್ದು. ನಮ್ಮಪ್ಪ ಯಾರಿಗೂ ಕಲಿಸ್ಲಿಲ್ಲ. ನಾನು ಬಾಗಿಲ ಸಂದಿಯಿಂದ ಕದ್ದು ನೋಡಿ ಕಲಿತೆ. ಆ ಪಾಡು ಇನ್ನೊಬ್ರಿಗೆ ಬೇಡ."

'ಒಬ್ಬರಿದ್ದಾರೆ, ಆದರೂ ನಮಗೆ ಇಬ್ಬರು ಬೇಕು' ಎಂದು ಬರೆದೆ. ಕಚೇರಿ ಒಪ್ಪಲಿಲ್ಲ. ಎರಡು ತಿಂಗಳು ಗಡುವು ಕೊಟ್ಟಿತು. ಅಷ್ಟರಲ್ಲಿ ಮಾವ ಅವಳಿಗೆ ಕೆಲಸ ಕೇಳಿ ನಾಲ್ಕು ದೇಶಗಳ ಆಸ್ಪತ್ರೆಗಳಿಗೆ ತಾವೇ ಪತ್ರ ಬರೆದರು, ಸೊಟ್ಟಂಬಟ್ಟ ಅಕ್ಷರದಲ್ಲಿ. ಒಂದು ಆಸ್ಪತ್ರೆ ಅವಳನ್ನು ಕರೆಸಿಕೊಂಡಿತು. ಹೊರಟ ದಿನ ಮಾವ ಅವಳ ಪೆಟ್ಟಿಗೆಯನ್ನು ಮೆಟ್ಟಿಲಿಳಿಸಲು ಹೋಗಿ ಎಲ್ಲರಿಂದ ಬೈಸಿಕೊಂಡರು.

ಈಗ ಮಾವ ಇಲ್ಲ. ಹೋದ ವರ್ಷ ನಾನೇ ಹೋಗಿ ಅವಳನ್ನು ನೋಡಿ ಬಂದೆ. ತಲೆ ಪೂರ್ತಿ ನೆರೆತಿದೆ. ಮೂರು ದಿನ ಮಾತಾಡಿದರೂ ಮಾತು ಮುಗಿಯಲಿಲ್ಲ. ಕೊನೆಯ ಸಂಜೆ ಅವಳ ಕೈಕೆಳಗೆ ಕಲಿಯುತ್ತಿರುವ ಇಬ್ಬರು ಹುಡುಗಿಯರನ್ನು ನನ್ನೆದುರು ನಿಲ್ಲಿಸಿ, ನನ್ನನ್ನು ತೋರಿಸಿ, "ಇವಳು ನನ್ನ ತಂಗಿ" ಎಂದು ಪರಿಚಯ ಮಾಡಿಕೊಟ್ಟಳು.