ತಟ್ಟಿಗೊಂದು ಹೆಸರು

ಹೈದರಾಬಾದಿನಲ್ಲಿ ಗೋಡೆ ಕಂಡಲ್ಲೆಲ್ಲ ಕಂಪ್ಯೂಟರ್ ಕ್ಲಾಸಿನ ಬೋರ್ಡು ಏರುತ್ತಿದ್ದ ವರ್ಷ ಅದು. ಅಮೀರ್‌ಪೇಟೆಯ ಆಫೀಸಿನಲ್ಲಿ ದಾನೇಶ್ವರಿ ಬೆಳಗಿನಿಂದಲೇ ಬಾಗಿಲ ಕಡೆ ನೋಡುತ್ತಿದ್ದಳು. ಹಾಡಿನ ಸ್ವರಲಿಪಿಯನ್ನು ಅಚ್ಚಿಗೆ ಸಿದ್ಧಮಾಡುವ ಸಾಫ್ಟ್‌ವೇರು ಅವಳದು. ಏಳು ತಿಂಗಳ ಕೆಲಸ. ಮಲ್ಕಾಜ್‌ಗಿರಿಯಲ್ಲಿ ಸಂಗೀತ ಶಾಲೆ ನಡೆಸುವ ಶಿವದೇವಿ ಅಕ್ಕೋರು ಇವತ್ತು ಒಂದು ಗಂಟೆಯೊಳಗೆ, ಯಾರ ಸಹಾಯವೂ ಇಲ್ಲದೆ, ಅದರಲ್ಲಿ ಒಂದು ಹಾಡು ಬರೆಯಬೇಕು. ಬರೆದರೆ ಶಾಲೆಯ ಪುಸ್ತಕವೆಲ್ಲ ಇದರಲ್ಲೇ. ಇಲ್ಲದಿದ್ದರೆ ಸಾಫ್ಟ್‌ವೇರಿಗೆ ಮಂಗಳ ಹಾಡಿ, ಅವಳು ಆಸ್ಪತ್ರೆ ಬಿಲ್ಲಿನ ಪ್ರೋಗ್ರಾಮು ಬರೆಯಲು ಕೂರಬೇಕು.

ಸರಿಗಮ ಸರಾಗವಾಗಿ ಬಂತು. ಆಮೇಲೆ ಅಕ್ಕೋರು ಚಿಹ್ನೆಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ಅಡಿಗೆರೆ, ನಿಲುಗೆರೆ, ಮೇಲಿನ ಕಮಾನು, ಕೆಳಗಿನ ಕಮಾನು.

"ಏನವ್ವಾ, ಕೋಮಲ ಎಲ್ಲೈತಿ? ಮೀಂಡ ಎಲ್ಲೈತಿ? ಇದೇನು, ಮನಿ ಕಟ್ಟೂ ಸಾಮಾನಿನ ಪಟ್ಟಿ ಇದ್ದಂಗ ಐತಲ್ಲ!"

ದಾನೇಶ್ವರಿಗೆ ನೆಲ ಬಾಯ್ಬಿಟ್ಟರೆ ಸಾಕು ಎನಿಸಿತು. ಆ ಹೆಸರುಗಳನ್ನು ಇಟ್ಟವಳು ಅವಳೇ. ಕೋಠಿಯ ಮುದ್ರಣಾಲಯದಲ್ಲಿ ಎರಡು ವಾರ ಕೂತು, ಅಚ್ಚಿನಲ್ಲಿ ಕಣ್ಣಿಗೆ ಕಂಡದ್ದಕ್ಕೆಲ್ಲ ಹೆಸರು ಕೊಟ್ಟು ಬೀಗಿದ್ದಳು ಬೇರೆ. ಹಾಡುವವರು ಕೋಮಲ ಗಾಂಧಾರ ಎನ್ನುತ್ತಾರೆಯೇ ಹೊರತು ಗಾಂಧಾರದಡಿಯ ಗೆರೆ ಎನ್ನುತ್ತಾರೆಯೇ? ದಡ್ಡಿ!

ಮ್ಯಾನೇಜರ್ ಅಂಬಾದಾಸ ಗಡಿಯಾರ ನೋಡಿದ. "ನಲವತ್ತು ನಿಮಿಷ ಅದಾವ. ಹೇಳಿಕೊಡಂಗಿಲ್ಲ, ನೋಡು."

"ಹೇಳಿಕೊಡೂದಿಲ್ಲರಿ ಸರ್, ಹೆಸರು ಬದಲಿಸ್ತೀನಿ. ಅವರನ್ನ ಕೇಳಂಗಿಲ್ಲ ಅಂತ ನೀವು ಅಂದಿಲ್ಲ!"

ಅಕ್ಕೋರ ಕೈಗೆ ಚಹಾ ಕೊಟ್ಟು ಅವಳು ಅವರೆದ್ದ ಕುರ್ಚಿಯಲ್ಲಿ, ಕಂಪ್ಯೂಟರಿನ ಮುಂದೆ ಕೂತಳು. ಅಡಿಗೆರೆ ಕೋಮಲವಾಯಿತು, ನಿಲುಗೆರೆ ತೀವ್ರವಾಯಿತು, ಸ್ವರದಿಂದ ಸ್ವರಕ್ಕೆ ಜಾರುವ ಮೇಲಿನ ಕಮಾನು ಮೀಂಡವಾಯಿತು; ಮೂರೂ ಚಕಚಕ ಬದಲಾದವು. ಕೆಳಗಿನ ಕಮಾನಿಗೆ ಬಂದಾಗ ಕೈ ನಿಂತಿತು. ಎರಡು ಮೂರು ಸ್ವರ ತಾಳದ ಒಂದೇ ಮಾತ್ರೆಯಲ್ಲಿ ಸೇರಿದಾಗ ಅವುಗಳಡಿ ಎಳೆಯುವ ಬಾಗುಗೆರೆ ಅದು. ಅದಕ್ಕೊಂದು ಹೆಸರನ್ನು ಅವಳು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

"ಅಕ್ಕೋರ, ಇದು ಬಂದಾಗ ಮಕ್ಕಳಿಗೆ ನೀವು ಏನಂತೀರಿ?"

ಶಿವದೇವಿ ಕಪ್ಪು ಕೆಳಗಿಟ್ಟು ತೊಡೆ ತಟ್ಟಿದರು. "ಏನಂತೀನಿ? ಒಂದ ತಟ್ಟಿನ್ಯಾಗ ಹಾಡ್ರೋ, ಅಂತೀನಿ."

ಒಂದೇ ತಟ್ಟು! ದಾನೇಶ್ವರಿಗೆ ಕುಣಿಯುವಷ್ಟು ಖುಷಿಯಾಯಿತು. ಹಾಗೆಯೇ ಟೈಪು ಮಾಡಿ ಕುರ್ಚಿ ಬಿಟ್ಟುಕೊಟ್ಟಳು.

ಈಗ ಅಕ್ಕೋರು ಗುನುಗುತ್ತಾ ಬರೆದರು. ಎಡಗೈ ತಾಳ ಹಾಕುತ್ತಿತ್ತು, ಬಲಗೈ ಹೆಸರು ಆರಿಸುತ್ತಿತ್ತು. ಒಮ್ಮೆಯೂ ತಲೆಯೆತ್ತಿ ಕೇಳಲಿಲ್ಲ. ಇನ್ನೂ ಹನ್ನೊಂದು ನಿಮಿಷ ಉಳಿದಿರುವಾಗಲೇ ಹಾಡು ಮುಗಿಯಿತು.

"ಭಾಳ ಛಲೋ ಆತ್ರಿ, ಸಾಕ್ರಿ," ಎಂದ ಅಂಬಾದಾಸ. ಅಕ್ಕೋರು ಏಳಲಿಲ್ಲ. ಎರಡನೆಯ ಹಾಡು ಶುರುಮಾಡಿದ್ದರು.

"ಸ್ವರದ ತಲಿಮ್ಯಾಲ ಒಂದೀಟ ಮುಟ್ಟಿ ಬಿಡೂ ಸಣ್ಣ ಕಣಸ್ವರ ಬರ್ತೈತಲ್ಲ, ಅದನ್ನ ಎಲ್ಲಿ ಇಟ್ಟೀಯವ್ವಾ?"

ದಾನೇಶ್ವರಿಯ ಮುಖ ಸಣ್ಣದಾಯಿತು. "ಅದನ್ನಿನ್ನೂ ಮಾಡಿಲ್ರಿ ಅಕ್ಕೋರ."

"ಮತ್ತ ನನ್ನ ಮಾರಿ ಏನು ನೋಡಾಕತ್ತಿ? ಮಾಡು. ನಮ್ಮ ಪುಸ್ತಕದಾಗ ಹೆಜ್ಜಿ ಹೆಜ್ಜಿಗೂ ಬೇಕಾಕೈತಿ."

"ಮಾಡ್ತೀನ್ರೀ!" ಎಂದವಳ ದನಿ ಇಡೀ ಆಫೀಸಿಗೆ ಕೇಳಿಸಿತು.