ತೊಳೆದ ಹೊಟ್ಟು

ಇಲಿಗಳು ಲವಲವಿಕೆಯಿಂದ ಓಡಾಡಿಕೊಂಡಿದ್ದದ್ದೇ ಯಾಮಿಲೆಯ ಗ್ರಹಚಾರವಾಗಿತ್ತು. ಅವುಗಳಲ್ಲಿ ಅರ್ಧದಷ್ಟಕ್ಕಾದರೂ ಮೂತ್ರಪಿಂಡ ಕೆಡಲೇಬೇಕಿತ್ತು. ಸೋಂಕಿಗೆ ಕೊಡುವ ಜೆಂಟಾಮೈಸಿನ್ ಚುಚ್ಚುಮದ್ದು ಕ್ರಿಮಿಗಳನ್ನು ಕೊಲ್ಲುವ ಭರದಲ್ಲಿ ಮೂತ್ರಪಿಂಡಕ್ಕೂ ಏಟು ಕೊಡುತ್ತದೆ. ಆ ಏಟನ್ನು ಸೀಬೆ ಎಲೆಯ ಸಾರ ತಡೆಯುತ್ತದೆಯೇ ಎಂಬುದು ಅವಳ ಸಂಶೋಧನೆ. ಸಾರ ಕುಡಿದ ಇಲಿಗಳು ಚೆನ್ನಾಗಿದ್ದವು, ಸರಿ. ಕುಡಿಯದವೂ ಚೆನ್ನಾಗಿಯೇ ಇದ್ದರೆ ಸೀಬೆ ಎಲೆಯ ಹೆಚ್ಚುಗಾರಿಕೆ ಏನು ಬಂತು? ಡಿಸೆಂಬರಿನೊಳಗೆ ಪ್ರಬಂಧ ಒಪ್ಪಿಸದಿದ್ದರೆ ಡಾಕ್ಟರೇಟು ಕೈತಪ್ಪಿದಂತೆಯೇ.

“ಔಷಧಿ ಬದಲು ಬರೀ ನೀರು ಚುಚ್ಚಿದೆಯೇನಮ್ಮಾ?” ಎಂದರು ಪ್ರೊಫೆಸರ್ ಒಕಾಂಪೊ. ಇಡೀ ಮನಿಸಾಲೆಸ್ ಊರಲ್ಲಿ ಸೀಬೆ ಎಲೆಯನ್ನು ಅವರಷ್ಟು ಹಚ್ಚಿಕೊಂಡವರು ಇನ್ನೊಬ್ಬರಿಲ್ಲ. ನೆಗಡಿಯಾದರೂ ಅದನ್ನೇ ಕುದಿಸಿ ಕುಡಿಯುವ ಮನುಷ್ಯ.

“ಇಲ್ಲ ಮೇಷ್ಟ್ರೇ, ನಾನೇ ಕೈಯಾರೆ ಚುಚ್ಚಿದೀನಿ.”

“ಹಾಗಾದ್ರೆ ನಿನ್ನ ಇಲಿಗಳಿಗೇ ಸೊಕ್ಕು.”

ಯಾಮಿಲೆ ಮುಖ ಊದಿಸಿಕೊಂಡು ಪಂಜರದ ಮುಂದೆ ನಿಂತಳು. ಒಂದು ದಡೂತಿ ಇಲಿ ತಟ್ಟೆಯ ಕಾಳನ್ನು ಮೂಸಿಯೂ ನೋಡದೆ ತನ್ನ ಹಾಸಿಗೆಯನ್ನೇ ಕೆದಕಿ, ಒಣಗಿದ ಕೆಂಪು ಸಿಪ್ಪೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲುತ್ತಿತ್ತು. ಲಾರಿ ಮುಷ್ಕರದಿಂದ ಪಂಜರಕ್ಕೆ ಹಾಸುವ ಮರದ ಹೊಟ್ಟು ಬಾರದಿದ್ದಾಗ, ಅವಳ ತಾಯಿ ಎದಿಲ್ಮಾ ತೋಟದಿಂದ ಕಾಫಿ ಹೊಟ್ಟಿನ ಮೂಟೆ ಕಳಿಸಿದ್ದಳು. ‘ಮಲಗೋಕೆ ತಾನೆ, ಯಾವುದಾದರೇನು’ ಎಂದು ಒಪ್ಪಿದವರು ಒಕಾಂಪೊ ಅವರೇ. ಆ ಹೊಟ್ಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆಯೂ ಬೆರೆತಿತ್ತು.

“ಮೇಷ್ಟ್ರೇ, ಮದ್ದು ಹಾಸಿಗೆಯಲ್ಲೇ ಇದೆ ಅನ್ಸುತ್ತೆ.”

ಪ್ರೊಫೆಸರ್ ಮುಖ ಹುಳ್ಳಗಾಯಿತು. “ಕಾಫಿ ಸಿಪ್ಪೆನಾ? ಅದನ್ನ ಗೊಬ್ಬರಕ್ಕೆ ಹಾಕ್ತಾರೆ ಕಣಮ್ಮಾ. ಆಗಲಿ, ಇನ್ನೊಂದು ಸಲ ಮಾಡಿ ನೋಡು.”

ಅವಳು ಕೂಡಲೇ ಊರಿಗೆ ಫೋನು ಮಾಡಿದಳು. “ಅಮ್ಮಾ, ಇನ್ನೊಂದಿಷ್ಟು ಹೊಟ್ಟು ಕಳಿಸು. ಯೂನಿವರ್ಸಿಟಿಗೆ ತುಂಬಾ ಮುಖ್ಯ ಅದು.”

ಹೊಟ್ಟು ಬಂತು. ಈ ಸಲ ಹೊಸ ಇಲಿಗಳು, ಸೀಬೆ ಸಾರವಿಲ್ಲ, ಹೊಟ್ಟೊಂದೇ. ಚುಚ್ಚುಮದ್ದು ಬಿದ್ದದ್ದೇ ತಡ, ಒಂದೂ ಬಿಡದೆ ಎಲ್ಲ ಇಲಿಗಳ ಮೂತ್ರಪಿಂಡವೂ ಕೆಟ್ಟಿತು. ಒಕಾಂಪೊ ಸೀಬೆ ಕಷಾಯವನ್ನು ಬೇಕೆಂದೇ ಸೊರ್ ಎಂದು ಹೀರಿದರು.

ಭಾನುವಾರ ಯಾಮಿಲೆ ಊರಿಗೆ ಹೋದಳು. ಎದಿಲ್ಮಾ ಬಿಸಿ ಜೋಳದ ರೊಟ್ಟಿಯ ಮೇಲೆ ಚೀಸ್ ಇಟ್ಟು, ಬೆಲ್ಲದ ನೀರು ಕಾಸಿಕೊಟ್ಟಳು.

“ಯಾಕೆ ಮುಖ ಜೋತುಬಿದ್ದಿದೆ? ಹಾಸಿಗೆ ಹಿಡಿಸಲಿಲ್ವಾ ನಿನ್ನ ಇಲಿರಾಯರಿಗೆ?”

“ಎಲ್ಲಾ ಕಾಯಿಲೆ ಬಿದ್ದವಮ್ಮಾ.”

“ಅದ್ಹೇಗೆ ಬೀಳ್ತವೆ? ಹೋದ ಸಲ ಅಂಗಳ ಗುಡಿಸಿದ್ದನ್ನೇ ತುಂಬಿ ಕಳಿಸಿಬಿಟ್ಟಿದ್ದೆ. ಈ ಸಲ ಮುಖ್ಯ ಅಂದ್ಯಲ್ಲಾ ಅಂತ ಸಿಪ್ಪೆ ಒಂದೊಂದೇ ಆರಿಸಿ ತೆಗೆದು, ಹೊಟ್ಟನ್ನ ತೊಳೆದು ಬಿಸಿಲಿಗೆ ಹಾಕಿ ಕಳಿಸಿದೀನಿ. ಸೊಂಟ ಬಿದ್ದುಹೋಯ್ತು. ಅಷ್ಟು ಓದಿದವರಿರೋ ಜಾಗಕ್ಕೆ ಕಸ ಕಳಿಸೋಕಾಗುತ್ತಾ?”

ಯಾಮಿಲೆಯ ಕೈಯಲ್ಲಿದ್ದ ರೊಟ್ಟಿ ಅರ್ಧಕ್ಕೇ ನಿಂತಿತು. ಡಿಸೆಂಬರಿನ ಆತುರದಲ್ಲಿ ಸಿಪ್ಪೆ ಇದೆಯೇ ಎಂದೂ ನೋಡದೆ ಮೂಟೆಯನ್ನು ಹಾಗೇ ಪಂಜರಗಳಿಗೆ ಸುರಿದಿದ್ದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಿಪ್ಪೆ ಇದ್ದಾಗ ಚೆನ್ನಾಗಿದ್ದವು, ತೆಗೆದಾಗ ಮಲಗಿದವು. ಅವಳಿಗೆ ಬೇಕಿದ್ದ ಸುಳಿವನ್ನು ಅಮ್ಮ ಸೊಂಟ ಬಗ್ಗಿಸಿ ಆರಿಸಿಟ್ಟಿದ್ದಳು. ಅಮ್ಮನ ಮೇಲೆ ಉಕ್ಕಿಬಂದ ಪ್ರೀತಿಯಲ್ಲಿ ಯಾಮಿಲೆ ಎದ್ದು ಹೋಗಿ ಅವಳನ್ನು ತಬ್ಬಿಕೊಂಡಳು.

“ಆ ಕಸಾನೇ ಬೇಕಮ್ಮಾ. ಗುಡಿಸಿದ್ದು ಗುಡಿಸಿದ ಹಾಗೇ.”

“ಅದನ್ನ ಕಳಿಸಿ ನನ್ನ ಮಾನ ಹೋಗಬೇಕಾ?”

ಗೊಣಗಿದರೂ ಎದಿಲ್ಮಾ ಕಳಿಸಿದಳು. ಮೂರನೆಯ ಸಲ ಕೆಲವು ಪಂಜರಗಳಿಗೆ ತೊಳೆದ ಹೊಟ್ಟು, ಉಳಿದವಕ್ಕೆ ಸಿಪ್ಪೆ ಬೆರೆತದ್ದು. ಸಿಪ್ಪೆ ತಿಂದವುಗಳಲ್ಲಿ ಹೆಚ್ಚಿನವು ಗಟ್ಟಿಯಾಗಿ ಉಳಿದವು. ಒಕಾಂಪೊ ಸೂಕ್ಷ್ಮದರ್ಶಕದಲ್ಲಿ ಮತ್ತೆ ಮತ್ತೆ ಇಣುಕಿ, ಕೊನೆಗೆ “ಸೀಬೆ ಎಲೆ ಬರೋ ವರ್ಷ ನೋಡೋಣ ಬಿಡು” ಎಂದರು.

ಡಿಸೆಂಬರಿನಲ್ಲಿ ಮೌಖಿಕ ಪರೀಕ್ಷೆಯ ದಿನ ಎದಿಲ್ಮಾ ಇಸ್ತ್ರಿ ಮಾಡಿದ ಲಂಗ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಎಲ್ಲ ಚೆನ್ನಾಗಿ ನಡೆಯಿತು. ಕೊನೆಗೆ ಪರೀಕ್ಷಕರು ಪುಟ ತಿರುವುತ್ತಾ, “ಈ ಎರಡು ಥರದ ಹೊಟ್ಟು ಎಲ್ಲಿಂದ ತಂದಿರಿ?” ಎಂದು ಕೇಳಿದರು.

ಯಾಮಿಲೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಎದ್ದು ನಿಂತಿದ್ದಳು.

“ತೊಳೆದಿರೋದು ನಮ್ಮನೇದು ಸ್ವಾಮಿ. ಆ ಗಲೀಜು ಮಾತ್ರ ಪಕ್ಕದ ತೋಟದ ಹಿಲ್ಬೆರ್ತೋದು.”

ಎರಡೂ ಒಂದೇ ಅಂಗಳದ್ದು ಎಂದು ಪ್ರಬಂಧದಲ್ಲಿ ಸ್ಪಷ್ಟವಾಗಿಯೇ ಇತ್ತು. ಪರೀಕ್ಷಕರು ಆ ಪುಟ ನೋಡಿದರು, ಎದಿಲ್ಮಾಳ ಮುಖ ನೋಡಿದರು, ಪುಟ ಮುಚ್ಚಿ ಒಪ್ಪಿಗೆಯ ಸಹಿ ಹಾಕಿದರು.

“ಹೌದಮ್ಮಾ,” ಎಂದರು ಒಕಾಂಪೊ, “ಆ ಹಿಲ್ಬೆರ್ತೋ ಯಾವಾಗಲೂ ಹಾಗೇ.”